ಗೂಟಕ್ಕೆ ತೂಗಿದ ಗಂಟು

ನಮ್ಮ ಮನೆಯಲ್ಲಿ ಧೋತರಕ್ಕೆ ನಿವೃತ್ತಿ ಅಂತ ಒಂದಿರಲಿಲ್ಲ. ಹೊಸದಿದ್ದಾಗ ಅದು ಅಜ್ಜನ ಮೈಮೇಲೆ ಮಂಗಸೂಳಿಯ ಖಂಡೋಬನ ಜಾತ್ರೆಗೆ ಹೋಗಿ, ಭಂಡಾರದಲ್ಲಿ ಮಿಂದು ಹಳದಿಯಾಗಿ ಬರುತ್ತಿತ್ತು. ಎಷ್ಟು ಸಲ ಒಗೆದರೂ ಅಂಚಿನ ಹಳದಿ ಹೋಗುತ್ತಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅದಕ್ಕೆ ಹೊಲದ ಚಾಕರಿ. ಮೊಣಕಾಲ ಹತ್ತಿರ ಹರಿಯಿತೋ, ಆಯಿ ಅದನ್ನು ತನ್ನ ತಾಬಾಕ್ಕೆ ತೆಗೆದುಕೊಳ್ಳುತ್ತಿದ್ದಳು. ನಡುವಿನ ಗಟ್ಟಿ ಭಾಗ ಹರಿದು, ನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಅಡುಗೆಮನೆಯ ಮಾಡದಲ್ಲಿಟ್ಟರೆ ಅಲ್ಲಿಂದ ಮುಂದೆ ಅದು ಮೊಸರಿನ ಅರಿವೆ. ಉಳಿದ ತುಂಡು ರೊಟ್ಟಿ ಬುಟ್ಟಿಗೆ. ಅದರಲ್ಲೂ ಉಳಿದ ಚಿಂದಿ ದೀಪದ ಬತ್ತಿಗೆ. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ಒಂದೇ ಒಂದು ಬಡ್ತಿ ಕಂಡ ನನಗೆ ಆ ಧೋತರದ ಸೇವಾ ಪುಸ್ತಕ ನೆನೆದರೆ ಈಗಲೂ ಹೊಟ್ಟೆಕಿಚ್ಚು.

ಯುಗಾದಿ ಪಾಡ್ಯದ ಹಿಂದಿನ ರಾತ್ರಿ ಆ ಅರಿವೆಗೆ ದೊಡ್ಡ ಕೆಲಸ. ಬೆಳಿಗ್ಗೆ ಹೆಪ್ಪು ಹಾಕಿದ ಎಮ್ಮೆ ಹಾಲು ಸಂಜೆಗೆ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗಿರುತ್ತಿತ್ತು. ಆಯಿ ಅದನ್ನು ಅರಿವೆಗೆ ಸುರುವಿ, ನಾಲ್ಕು ತುದಿ ಕೂಡಿಸಿ ಗಂಟು ಕಟ್ಟಿ, ಗೋಡೆಯ ಗೂಟಕ್ಕೆ ತೂಗಿಬಿಟ್ಟು, ಕೆಳಗೆ ಕಲಾಯಿ ಮಾಡಿಸಿದ ಬೋಗುಣಿ ಇಡುತ್ತಿದ್ದಳು. ಕಲಾಯಿ ಇಲ್ಲದ ಹಿತ್ತಾಳೆ ಹುಳಿಗೆ ಕಿಲುಬುತ್ತದಲ್ಲ, ಅದಕ್ಕೆ. ಮೊದಲಿಗೆ ಧಾರೆ, ಆಮೇಲೆ ಹನಿ, ನಡುರಾತ್ರಿಯ ಹೊತ್ತಿಗೆ ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ನಿದ್ದೆ ಹತ್ತುವಷ್ಟು ಅಂತರ. ಗೂಟದ ಕೆಳಗೆ ಬೆಕ್ಕು ಕಾವಲು, ಬೆಕ್ಕಿಗೆ ನಾನು ಕಾವಲು. ಬೆಳಿಗ್ಗೆ ಗಂಟು ಬಿಚ್ಚಿದರೆ ಒಳಗೆ ಬೆಳ್ಳಗೆ, ಅರಿವೆಯ ನೇಯ್ಗೆಯ ಅಚ್ಚು ಮೈಮೇಲೆ ಮೂಡಿಸಿಕೊಂಡು ಕೂತಿರುತ್ತಿತ್ತು ಚಕ್ಕಾ. ಅದಕ್ಕೆ ತೂಕಕ್ಕೆ ತೂಕ ಸಕ್ಕರೆ, ಯಾಲಕ್ಕಿ, ಕೇಸರಿ. ಶ್ರೀಖಂಡ, ಪೂರಿ. ಸಕ್ಕರೆಗೇನು ಬರ? ನಮ್ಮ ಬಗಲಿಗೇ ಉಗಾರದ ಸಕ್ಕರೆ ಕಾರ್ಖಾನೆ, ಸುತ್ತ ಕೃಷ್ಣೆಯ ನೀರುಂಡ ಕಬ್ಬು.

ಇದನ್ನೆಲ್ಲ ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಹೋದ ವರ್ಷ ಮಿರಜಿನಲ್ಲಿ ನನ್ನ ರಕ್ತ ತಪಾಸಣೆ ಮಾಡಿದ ಡಾಕ್ಟರು. ನಮ್ಮ ಕಡೆಯವರಿಗೆ ಜ್ವರ ಬಂದರೂ ಮಿರಜ, ಕಾಲು ಮುರಿದರೂ ಮಿರಜ. ಅಲ್ಲಿಯ ಡಾಕ್ಟರುಗಳಿಗೆ ಕನ್ನಡ ಬರುತ್ತದೆ, ಬಾರದವರಿಗೆ ನಮ್ಮ ಮರಾಠಿ ತಿಳಿಯುತ್ತದೆ. ಚೀಟಿ ನೋಡುತ್ತ ಅವರು ಅಂದರು: "ಮಾಸ್ತರ, ರೊಟ್ಟಿ ಮ್ಯಾಲ ರೊಟ್ಟಿ ತಿಂತೀರಿ. ಪ್ರೋಟೀನ್ ಎಲ್ಲೈತ್ರಿ? ವಯಸ್ಸಾದ ಮ್ಯಾಲ ತೊಡಿ ಸಣ್ಣ ಆಗತಾವ. ಗ್ರೀಕ್ ಯೋಗರ್ಟ್ ಸುರು ಮಾಡ್ರಿ."

ಗ್ರೀಕ್ ಅಂದ ಕೂಡಲೆ ನನಗೆ ನೆನಪಾದದ್ದು ಏಳನೇ ಇಯತ್ತೆಯ ಇತಿಹಾಸ. ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಂಡೆಯಿಂದ, ಸಾಕಪ್ಪಾ ಈ ದೇಶ ಅಂತ ತಿರುಗಿ ಹೋದವರು. ಪ್ರತಿ ವರ್ಷ ನಾನೇ ಅವರನ್ನು ಹಲಗೆಯ ಮೇಲೆ ಕರೆತಂದು ನಾನೇ ಕಳಿಸಿಕೊಡುತ್ತಿದ್ದೆ. ಆಗ ಸೈನ್ಯಕ್ಕೆ ದಾಟಲಾಗದ ಹೊಳೆಗಳನ್ನೆಲ್ಲ ದಾಟಿ ಈಗ ಅವರು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಂಗಲಿಯ ಅಂಗಡಿಯ ಫ್ರಿಜ್ಜಿಗೆ ಬಂದು ಕೂತಿದ್ದಾರೆ.

ಎರಡು ಡಬ್ಬಿ ತಂದೆ. ಒಂದು ಸಾದಾ, ಇನ್ನೊಂದು ಮಾವಿನ ಹಣ್ಣಿನದು. ನಮ್ಮಾಕಿ ಸಾದಾ ಡಬ್ಬಿಗೆ ಚಮಚ ಹಾಕಿ ಬಾಯಿಗಿಟ್ಟು, ಒಂದು ಗಳಿಗೆ ಮೇಲೆ ನೋಡಿ, "ಇದು ಚಕ್ಕಾ ಅಲ್ಲೇನ್ರಿ? ಸಕ್ಕರಿ ಹಾಕೂದ ಮರತಾರ" ಅಂದಳು. ನಾನು ನಾಲ್ಕು ದಿನ ಕೂತು ಓದಿ ತಿಳಿದುಕೊಂಡದ್ದೂ ಹೆಚ್ಚುಕಡಿಮೆ ಇಷ್ಟೇ. ಆದರೆ ಮಾಸ್ತರಾದವನಿಗೆ ಒಂದು ವಾಕ್ಯದಲ್ಲಿ ಮುಗಿಯುವ ಪಾಠ ಸಲ್ಲುವುದಿಲ್ಲ.

ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನು ಕಣ್ಣಿಗೆ ಕಾಣದ ಉಂಡೆಗಳಾಗಿ ತೇಲುತ್ತಿರುತ್ತದೆ. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಹುಳಿ ಏರಿದಂತೆ ಆ ಉಂಡೆಗಳು ಒಂದಕ್ಕೊಂದು ಕೈಹಿಡಿದು ಬಲೆಯಾಗುತ್ತವೆ, ನೀರು ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಅದೇ ಮೊಸರು. ಅರಿವೆಯಲ್ಲಿ ತೂಗಿದರೆ ಬಲೆ ಉಳಿದು ನೀರು ಇಳಿಯುತ್ತದೆ. ಇನ್ನೊಂದು ಮಾತು. ಹಾಲನ್ನು 85-90 ಡಿಗ್ರಿಗೆ ಕಾಯಿಸಿ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ, ಇಲ್ಲದಿದ್ದರೆ ನೀರಿನ ಜೋಡಿ ಹರಿದುಹೋಗುವ ಪ್ರೋಟೀನುಗಳೂ ಕೇಸಿನ್ನಿಗೆ ಅಂಟಿಕೊಂಡು ಬಲೆ ಗಟ್ಟಿಯಾಗುತ್ತದೆ. ಆಯಿ ಕುಳ್ಳಿನ ಒಲೆಯ ಮೇಲೆ ಹಾಲನ್ನು ಮಧ್ಯಾಹ್ನದ ತನಕ ಕೆಂಪಗೆ ಕಾಯಲು ಬಿಟ್ಟು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಅವಳಿಗೆ ಡಿಗ್ರಿ ಗೊತ್ತಿರಲಿಲ್ಲ, ಕೆನೆಯ ದಪ್ಪ ಗೊತ್ತಿತ್ತು.

ಈಗ ಡಾಕ್ಟರ ಲೆಕ್ಕಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ ತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ನಾನು ಅರವತ್ತು ಕಿಲೋ ಆಸಾಮಿ. ಹತ್ತಿರಹತ್ತಿರ 50 ಗ್ರಾಂ. ಸಾದಾ ಮೊಸರಿನ 100 ಗ್ರಾಮಿನಲ್ಲಿ ಸುಮಾರು ಮೂರೂವರೆ ಗ್ರಾಂ ಪ್ರೋಟೀನು, ಕೆನೆ ತೆಗೆದ ಹಾಲಿನ ಗ್ರೀಕ್ ಮೊಸರಿನಲ್ಲಿ ಸುಮಾರು ಹತ್ತು. ಮೂರು ನಾಲ್ಕು ಲೀಟರು ಹಾಲು ಇಳಿದು ಒಂದು ಕಿಲೋ ಆಗುವುದರಿಂದ ಇದರಲ್ಲಿ ಮಾಯೆಯೇನಿಲ್ಲ. ಹಾಲಿನ ಸಕ್ಕರೆಯ ಒಂದಿಷ್ಟು ಭಾಗ ನೀರಿನ ಜೋಡಿ ಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಇದು ತಕ್ಕಮಟ್ಟಿಗೆ ಒಗ್ಗುತ್ತದೆ. ಇಷ್ಟರ ಮಟ್ಟಿಗೆ ಡಾಕ್ಟರ ಮಾತು ನೂರಕ್ಕೆ ನೂರು.

ಹೆಸರಿನದೇ ತಕರಾರು. ಗ್ರೀಸಿನಲ್ಲಿ ಯಾರೂ ಇದಕ್ಕೆ ಗ್ರೀಕ್ ಮೊಸರು ಅನ್ನುವುದಿಲ್ಲವಂತೆ; ಸ್ತ್ರಾಂಗಿಸ್ತೊ ಅನ್ನುತ್ತಾರೆ, ಅಂದರೆ ಸೋಸಿದ್ದು. ತುರ್ಕರು ಸುಜ್ಮೆ ಅನ್ನುತ್ತಾರೆ, ಅದರರ್ಥವೂ ಸೋಸಿದ್ದು. ಅರಬರದು ಲಬ್ನೆ. ಮನೆಯಲ್ಲಿ ಮಾಡಿಕೊಂಡು ತಿನ್ನುವವರು ಕೆಲಸದ ಹೆಸರು ಇಟ್ಟರು, ಮಾರುವವರು ದೇಶದ ಹೆಸರು ಇಟ್ಟರು. 1926ರಲ್ಲಿ ಅಥೆನ್ಸಿನ ಒಂದು ಸಣ್ಣ ಹಾಲಿನಂಗಡಿಯಿಂದ ಸುರುವಾದ ಫಾಯೆ ಅನ್ನುವ ಕಂಪನಿ ಇದನ್ನು ಪರದೇಶಗಳಿಗೆ ಒಯ್ದಿತು. ಫಾಯೆ ಅಂದರೆ ಗ್ರೀಕಿನಲ್ಲಿ 'ತಿನ್ನು'. ಎಷ್ಟು ನೇರ ಹೆಸರು! ಆಮೇಲೆ ಪೂರ್ವ ತುರ್ಕಿಯ ಕುರಿಗಾಹಿ ಕುರ್ದ್ ಮನೆತನದಿಂದ ಅಮೆರಿಕೆಗೆ ಹೋದ ಹಮ್ದಿ ಉಲುಕಾಯ ಅನ್ನುವವರು 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಮುಚ್ಚಿದ್ದ ಮೊಸರಿನ ಕಾರ್ಖಾನೆ ಕೊಂಡು, ಎರಡು ವರ್ಷದ ಮೇಲೆ ಚೋಬಾನಿ ಅಂತ ಡಬ್ಬಿ ಹೊರತಂದರು. ಅದು ಅಮೆರಿಕೆಯ ತುಂಬ ಹಬ್ಬಿತು. ಇಂಗ್ಲೆಂಡಿಗೂ ಕಾಲಿಟ್ಟಾಗ ಫಾಯೆಯವರು ಕೋರ್ಟಿಗೆ ಹೋದರು. 2014ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಗ್ರೀಸಿನಲ್ಲಿ ಮಾಡಿದ್ದಕ್ಕಷ್ಟೇ ಅಲ್ಲಿ 'ಗ್ರೀಕ್ ಮೊಸರು' ಅನ್ನಬಹುದು ಅಂತ ತೀರ್ಪನ್ನು ಖಾಯಂ ಮಾಡಿತು. ಬೇರೆ ಕಡೆ ಮಾಡಿದ್ದು 'ಗ್ರೀಕ್ ಸ್ಟೈಲ್'.

ಕರ್ನಾಟಕ-ಮಹಾರಾಷ್ಟ್ರ ಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ಖಟ್ಲೆ ಹೊಸದಲ್ಲ. ನಾನು ಸಣ್ಣವನಿದ್ದಾಗ, 1967ರಲ್ಲಿ, ಮಹಾಜನ ಆಯೋಗದ ವರದಿ ಬಂತು. ಯಾವ ಹಳ್ಳಿ ಯಾರಿಗೆ ಅನ್ನುವ ಮಾತು ಕಟ್ಟೆಯ ಮೇಲೆ ಹಗಲೂ ರಾತ್ರಿ. ಗೂಟಕ್ಕೆ ತೂಗಿದ ಗಂಟು ಯಾರದು ಅಂತ ಮಾತ್ರ ಯಾರೂ ಕೇಳಲಿಲ್ಲ. ಹೆಪ್ಪು ಕನ್ನಡದ್ದು, ಚಕ್ಕಾ ಮರಾಠಿಯದು, ಎಮ್ಮೆ ಪಂಢರಾಪುರಿ, ಕೇಸರಿ ಕಾಶ್ಮೀರದ್ದು. ಶ್ರೀಖಂಡಕ್ಕೆ ಸಂಸ್ಕೃತದವರು ಶಿಖರಿಣಿ ಅಂದರು, ರಸಾಲಾ ಅಂದರು. ಅದನ್ನು ಮೊದಲು ಮಾಡಿದವನು ವೃಕೋದರ ಭೀಮ ಅಂತ ಹಳೆಯ ವೈದ್ಯಗ್ರಂಥಗಳಲ್ಲಿ ಮಾತುಂಟು. ಮಾಡಿದ್ದಿರಬಹುದು. ಅಜ್ಞಾತವಾಸದ ಆ ಬಾಣಸಿಗನ ಹೊಟ್ಟೆಗೆ ಎಷ್ಟು ಧೋತರ ಬೇಕಾದವೋ!

ಅಂದಹಾಗೆ ಚೋಬಾನ್ ಅಂದರೆ ತುರ್ಕಿಯಲ್ಲಿ ಕುರುಬ. ಇದನ್ನು ಓದಿದ ದಿನ ನಾನು ಗುಡಿಯ ಕಡೆ ನಡೆದು ಹೋಗಿದ್ದೆ. ನಮ್ಮ ಖಂಡೋಬನ ಎರಡನೆಯ ಹೆಂಡತಿ ಬಾಣಾಯಿ ಕುರುಬರ ಮಗಳು. ಅವಳಿಗೋಸ್ಕರ ದೇವರು ಮನೆ ಬಿಟ್ಟು ಕುರಿ ಕಾಯಲು ಹೋದ ಅಂತ ಕಥೆ. ಗ್ರೀಸಿನ ಹಳೆಯ ಸೋಸಿದ ಮೊಸರೂ ಕುರಿಯ ಹಾಲಿನದೇ. ಕಂಬಳಿ ಹೊದ್ದ ಕುರುಬರೊಬ್ಬರು ಗುಡಿಯ ಕಟ್ಟೆಗೆ ಒರಗಿ ಕೂತಿದ್ದರು. ಕುರಿಯ ಹಾಲಿನ ಮೊಸರು ಹೇಗಿರುತ್ತದೆ ಅಂತ ಕೇಳಿದೆ. "ಮರಿ ಕುಡದ ಉಳದರ ಅಲ್ಲೇನ್ರಿ ಮೊಸರು" ಅಂದು ತಂಬಾಕು ತಿಕ್ಕಿದರು. ದೇಶವಿದೇಶದ ನನ್ನ ಪಾಂಡಿತ್ಯ ಅಲ್ಲಿಗೆ ಸಾಕಾಯಿತು.

ಆದರೆ ಒಂದು ಕಡೆ ಚಕ್ಕಾಕ್ಕೆ ಸರಕಾರಿ ಮುದ್ರೆ ಇದೆ, ಅದನ್ನು ಕಂಡಾಗ ನನಗೆ ಆಯಿಗೆ ಪ್ರಶಸ್ತಿ ಬಂದಷ್ಟು ಖುಷಿಯಾಯಿತು. ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಚಕ್ಕಾ ಅನ್ನುವ ಶಬ್ದ ಹಾಗೇ ಇದೆ, ಇಂಗ್ಲಿಷಿನ ನಡುವೆ ಧೋತರ ಉಟ್ಟುಕೊಂಡು ಕೂತಂತೆ. ಮೊಸರಿನ ನೀರು ಬಸಿದು ಪಡೆದದ್ದು ಅಂತ ವ್ಯಾಖ್ಯೆ. ನೂರು ಗ್ರಾಂ ಚಕ್ಕಾದಲ್ಲಿ ನೀರು ಬಿಟ್ಟು ಕನಿಷ್ಠ 30 ಗ್ರಾಂ ಗಟ್ಟಿ ಪದಾರ್ಥ, ಆ ಗಟ್ಟಿಯಲ್ಲಿ ನೂರಕ್ಕೆ 30 ಪಾಲು ಪ್ರೋಟೀನು, 33 ಪಾಲು ಕೊಬ್ಬು ಇರಬೇಕು. ಗುಣಿಸಿ ನೋಡಿ: ನೂರು ಗ್ರಾಮಿಗೆ ಕಡಿಮೆಯೆಂದರೂ 9 ಗ್ರಾಂ ಪ್ರೋಟೀನು. ಗ್ರೀಕರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿರುವುದೂ ಅಷ್ಟೇ.

ಹಾಗಂತ ಆಯಿ ಗೆದ್ದಳು ಅಂತ ಕುಣಿಯುವ ಹಾಗಿಲ್ಲ. ಕೊಬ್ಬೂ ಹತ್ತು ಗ್ರಾಂ ಬಂತು. ಎಮ್ಮೆ ಹಾಲಿನ ಕೆನೆ ಹಾಗೇ ಇಟ್ಟು ಸೋಸಿದರೆ ಪ್ರೋಟೀನಿನ ಜೋಡಿ ಬೆಣ್ಣೆಯೂ ಗಂಟಿನಲ್ಲೇ ಕೂತಿರುತ್ತದೆ. ಆಯಿ ಹಬ್ಬಕ್ಕಷ್ಟೇ ಕೆನೆಯೊಡನೆ ಹೆಪ್ಪು ಹಾಕುತ್ತಿದ್ದಳು. ಬಾಕಿ ದಿನ ಕೆನೆ ತೆಗೆದು ಬೇರೆ ಗಡಿಗೆಯಲ್ಲಿ ಕೂಡಿಸಿ ಕಡೆದು ಬೆಣ್ಣೆ ಮಾಡಿ, ಶನಿವಾರ ಅಜ್ಜನ ಕೈಯಲ್ಲಿ ಮಾರಲು ಕಳಿಸುತ್ತಿದ್ದಳು. ನಮಗೆ ಉಳಿಯುತ್ತಿದ್ದದ್ದು ಕೆನೆ ತೆಗೆದ ಹಾಲಿನ ಮೊಸರು. ಬಡತನದ ಆ ಮೊಸರನ್ನು ಈಗ ಹೆಚ್ಚು ರೊಕ್ಕ ಕೊಟ್ಟು ಕೊಳ್ಳಬೇಕು.

ಮತ್ತೆ ಶ್ರೀಖಂಡ. ಅದರ ಸುದ್ದಿ ಎತ್ತಬಾರದು ಅಂದುಕೊಂಡಿದ್ದೆ. ಅದೇ ನಿಯಮದ ಪ್ರಕಾರ ಶ್ರೀಖಂಡದ ಒಣ ಪದಾರ್ಥದಲ್ಲಿ ನೂರಕ್ಕೆ 72.5 ಪಾಲಿನವರೆಗೆ ಸಕ್ಕರೆ ಇರಬಹುದು. ನಿಯಮ ಕೇಳುವ ಕನಿಷ್ಠ ಗಟ್ಟಿಯನ್ನೇ ಲೆಕ್ಕ ಹಿಡಿದರೂ ನೂರು ಗ್ರಾಂ ಬಟ್ಟಲಿನಲ್ಲಿ 42 ಗ್ರಾಂವರೆಗೆ ಸಕ್ಕರೆ, ಎಂಟು ಚಹಾ ಚಮಚಕ್ಕೂ ಮಿಗಿಲು. 1939ರಿಂದ ಹಾಲಿನ ವ್ಯಾಪಾರ ಮಾಡಿಕೊಂಡು ಬಂದ ಭಿಲವಡಿಯ ಚಿತಳೆಯವರದೋ, ವಾರಣಾದ್ದೋ ಡಬ್ಬಿ ಮನೆಗೆ ಬಂದರೆ ನಾನು ಈಗಲೂ ಬೇಡವೆನ್ನುವುದಿಲ್ಲ. ಪಾಡ್ಯಕ್ಕೊಮ್ಮೆ, ದಸರೆಗೊಮ್ಮೆ. ಆದರೆ ಅದನ್ನು ಮೊಸರಿನ ಖಾತೆಗೆ ಬರೆದು ಆರೋಗ್ಯ ಅನ್ನಬಾರದು, ಪೇಡೆಯ ಖಾತೆಗೆ ಬರೆಯಬೇಕು. ನಾನು ತಂದ ಆ ಮಾವಿನ ಹಣ್ಣಿನ ಡಬ್ಬಿಯೂ ಇದೇ ಜಾತಿ. ಮುಂದೆ ಗ್ರೀಕ್ ಅಂತ ಬರೆದಿತ್ತು. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾಲು ಆದ ಮೇಲೆ ಸಕ್ಕರೆ, ಆಮೇಲೆ ಹಣ್ಣಿನ ತಿರುಳು, ಆಮೇಲೆ ಪಿಷ್ಟ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕು ಅನ್ನುವುದು ಕಾಯಿದೆ. ಹಣ್ಣಿಗಿಂತ ಮುಂದೆ ಸಕ್ಕರೆ ನಿಂತಿದ್ದರೆ ಆ ಹಣ್ಣು ಯಾತಕ್ಕೆ ಬಂದಿದೆ ಅಂತ ತಿಳಿಯಿತಲ್ಲ. ಪಿಷ್ಟ ಬಂದದ್ದು ಗಟ್ಟಿ ಮಾಡಲಿಕ್ಕೆ. ಸೋಸಲು ಹೊತ್ತೂ ಬೇಕು, ಹಾಲೂ ಬೇಕು. ಪಿಷ್ಟಕ್ಕೆ ಎರಡೂ ಬೇಡ. ಸಾದಾ ಡಬ್ಬಿಯ ಹಿಂದೆ ಎರಡೇ ಮಾತಿದ್ದವು, ಹಾಲು ಮತ್ತು ಹೆಪ್ಪು. ಕನ್ನಡಕ ಮರೆತು ಅಂಗಡಿಗೆ ಹೋಗಬೇಡಿ, ನನ್ನ ಸಲಹೆ ಅಷ್ಟೇ.

ಬೋಗುಣಿಯಲ್ಲಿ ಬಿದ್ದ ನೀರಿನ ಮಾತು ಉಳಿಯಿತು. ನಾವು ಅದಕ್ಕೆ ತಿಳಿ ಅಂತೇವೆ. ಬೆಳಗಿನ ಬೆಳಕಿಗೆ ಹಿಡಿದರೆ ಎಳೆಯ ಹಸಿರು ಹಳದಿ. ಆ ಬಣ್ಣ ರೈಬೋಫ್ಲೇವಿನ್ ಅನ್ನುವ ಜೀವಸತ್ವದ್ದು. ಅದರ ಜೋಡಿ ಪೊಟ್ಯಾಸಿಯಂ, ಒಂದಿಷ್ಟು ಸುಣ್ಣ. ಇದಕ್ಕೇ ನೋಡಿ, ಹಾಲು ಮೂರು ಪಟ್ಟು ಇಳಿದಿದ್ದರೂ ಗ್ರೀಕ್ ಮೊಸರಿನಲ್ಲಿ ಸುಣ್ಣ ಮೂರು ಪಟ್ಟಾಗಿರುವುದಿಲ್ಲ. ಹೆಚ್ಚುಕಡಿಮೆ ಸಾದಾ ಮೊಸರಿನಷ್ಟೇ ಇರುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಕಡಿಮೆಯೇ. ತೊಡೆಗೆ ಬೇಕಾದದ್ದು ಗಂಟಿನಲ್ಲಿ ಉಳಿಯಿತು, ಎಲುಬಿಗೆ ಬೇಕಾದದ್ದರ ಒಂದು ಪಾಲು ಬೋಗುಣಿಗೆ ಇಳಿಯಿತು. ಆಯಿ ಅದರ ಒಂದು ಹನಿಯನ್ನೂ ಚೆಲ್ಲಲು ಬಿಡುತ್ತಿರಲಿಲ್ಲ. ಪೂರಿಯ ಹಿಟ್ಟು ಅದರಲ್ಲೇ ನಾದುತ್ತಿದ್ದಳು. ಸಂಜೆ ಅದಕ್ಕೆ ಕಡಲೆಹಿಟ್ಟು ಕದಡಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕಡಿ. ಮಿಕ್ಕಿದ್ದು ಎಮ್ಮೆಯ ಹಿಂಡಿಗೆ, ಅಂದರೆ ಬಂದಲ್ಲಿಗೇ ತಿರುಗಿ. ಅಮೆರಿಕೆಯ ದೊಡ್ಡ ಕಾರ್ಖಾನೆಗಳಿಗೆ ಈ ಹುಳಿ ನೀರೇ ತಲೆನೋವು. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ, ಅದಕ್ಕೆ ಟ್ಯಾಂಕರಿನಲ್ಲಿ ತುಂಬಿ ದನದ ಮೇವಿಗೆ, ಹೊಲಕ್ಕೆ, ಗ್ಯಾಸ್ ಮಾಡಲಿಕ್ಕೆ ಸಾಗಿಸುತ್ತಾರೆ. ಎಮ್ಮೆಯ ಹಿಂಡಿಗೆ ಹಾಕುವ ಬುದ್ಧಿ ಅವರಿಗೂ ಬಂತು ಅಂತ ನಮ್ಮಾಕಿಗೆ ಸಮಾಧಾನ.

ಆದ್ದರಿಂದ ನಾನು ಮಜ್ಜಿಗೆ ಬಿಟ್ಟಿಲ್ಲ. ಡಾಕ್ಟರ ಮಾತೂ ಬಿಟ್ಟಿಲ್ಲ. ಬೆಳಿಗ್ಗೆ ಚಕ್ಕಾ, ಮಧ್ಯಾಹ್ನ ಮಜ್ಜಿಗೆ. ಚಕ್ಕಾಕ್ಕೆ ಸಕ್ಕರೆ ಇಲ್ಲ. ಗ್ರೀಕರೇ ಅದಕ್ಕೆ ಸವತೆಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿಕೊಂಡು ತಿನ್ನುತ್ತಾರೆ ಅಂತ ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಚಂಪಾಷಷ್ಠಿಯ ದಿನ, ನಾಲ್ಕು ತಿಂಗಳು ಬದನೆಕಾಯಿ ಉಳ್ಳಾಗಡ್ಡಿ ಬಿಟ್ಟವರೆಲ್ಲ ದೇವರಿಗೆ ಭರ್ತ ಮತ್ತು ಸಜ್ಜೆ ರೊಟ್ಟಿಯ ನೈವೇದ್ಯ ತೋರಿಸಿ ಊಟಕ್ಕೆ ಕೂಡುವಾಗ, ನಾನು ಸುಟ್ಟ ಬದನೆಕಾಯಿಯ ಭರ್ತದ ನಡುವೆ ಒಂದು ದೊಡ್ಡ ಚಮಚ ಚಕ್ಕಾ ಇಟ್ಟು ಕಲಸಿದೆ. ಮೇಲೆ ಗುರೆಳ್ಳ ಹಿಂಡಿ. ನಮ್ಮಾಕಿ ಕಣ್ಣರಳಿಸಿ ನೋಡಿದಳು, ಆಮೇಲೆ ತನ್ನ ತಾಟಿಗೂ ಹಾಕಿಕೊಂಡಳು.

ಧೋತರ ಉಡುವವರು ಈಗ ಮನೆಯಲ್ಲಿ ಯಾರೂ ಇಲ್ಲ; ಪುಣೆಯ ಸೊಸೆ ಕಳಿಸಿದ ಮಲ್ಮಲ್ ಅರಿವೆ ಇದೆ. ಜರಡಿಯ ಮೇಲೆ ಅದನ್ನು ಹಾಸಿ ಮೊಸರು ಸುರುವಿ ಫ್ರಿಜ್ಜಿನಲ್ಲಿಟ್ಟರೆ ಬೇಸಿಗೆಯಲ್ಲೂ ಹುಳಿಯೇರುವುದಿಲ್ಲ. ನಾಲ್ಕೈದು ತಾಸಿಗೆ ಗ್ರೀಕ್, ರಾತ್ರಿಯಿಡೀ ಬಿಟ್ಟರೆ ಚಕ್ಕಾ. ಹನಿಯ ಸದ್ದು ಮಾತ್ರ ಕೇಳುವುದಿಲ್ಲ, ಫ್ರಿಜ್ಜೇ ಗೊರಕೆ ಹೊಡೆಯುತ್ತದೆ.

ಆ ಎರಡು ಡಬ್ಬಿಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡರ ತಳದಲ್ಲೂ ಒಂದೊಂದು ಚಮಚ ಉಳಿಸಿ, ಉಗುರು ಬೆಚ್ಚಗಿನ ಹಾಲಿನ ಎರಡು ಬಟ್ಟಲಿಗೆ ಹೆಪ್ಪು ಹಾಕಿ ನೋಡಿದೆ. ಹೆಪ್ಪಿನ ಜೀವಿಗಳು ಬದುಕಿದ್ದರೆ ತಾನೆ ಹಾಲು ಗಟ್ಟಿಯಾಗುವುದು? ಬೆಳಿಗ್ಗೆ ಸಾದಾ ಡಬ್ಬಿಯದು ಗಟ್ಟಿಯಾಗಿ ಕೂತಿತ್ತು. ಮಾವಿನದು ಹಾಲು ಹಾಲಾಗಿಯೇ ಇತ್ತು. "ಅದು ಬರೇ ಭಾಷಣ" ಅಂದಳು ನಮ್ಮಾಕಿ. ಆವತ್ತಿನಿಂದ ನಮ್ಮ ಮನೆಯ ಹೆಪ್ಪು ಆ ಸಾದಾ ಡಬ್ಬಿಯ ವಂಶದ್ದು. ದಿನಾ ಒಂದು ಚಮಚ ನಾಳೆಗೆ ತೆಗೆದಿಟ್ಟು ಎಂಟು ತಿಂಗಳಾಯಿತು.

ಮೊನ್ನೆ ದೀಪ ಹಚ್ಚಿದ ಹೊತ್ತಿಗೆ ಬಗಲ ಮನೆಯ ಸೊಸೆ ಬಾಗಿಲಲ್ಲಿ ನಿಂತಳು. "ಕಾಕೂ, ಒಂದೀಟ ಹೆಪ್ಪ ಕೊಡ್ರಿ. ನಮ್ಮ ಹೆಪ್ಪ ಹುಳತ ಹೋಗೇತಿ." ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೊರಟು ಹೋಗುತ್ತಾಳೆ ಅನ್ನುವುದು ನಮ್ಮಲ್ಲಿ ಆಯಿಯ ಕಾಲದಿಂದ ನಡೆದು ಬಂದ ಮಾತು. ನಮ್ಮಾಕಿ ಒಂದು ಗಳಿಗೆ ಒಳಗೆ ನೋಡಿದಳು, ಒಂದು ಗಳಿಗೆ ಹೊರಗೆ ನೋಡಿದಳು. ಕೂಸು ಹಾಲು ಕಾಯಿಸಿ ಇಟ್ಟು ಬಂದಿದೆ. "ಇದು ನಮ್ಮ ಹೆಪ್ಪಲ್ಲ, ಗ್ರೀಕರದ. ನಡೀತೈತಿ, ತಗೋ" ಅಂದು, ತೊಳೆದು ಇಟ್ಟಿದ್ದ ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು.

ಬೆಳಿಗ್ಗೆ ಡಬ್ಬಿ ತಿರುಗಿ ಬಂತು. ಖಾಲಿ ಕೊಡಬಾರದು ಅಂತ ಅದರೊಳಗೆ ಎರಡು ಹಿಡಿ ಶೇಂಗಾ ಹಿಂಡಿ.